ಮಾತಾಡಿದವರ ಬೆನ್ನಿಗೆ ಯಾರು?

1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ ಮಾತಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದಲಿತ ಮಕ್ಕಳು ಇಂಗ್ಲಿಷ್ ಕಲಿಯಬೇಕು, ಹೊರಗಿನ ಜಗತ್ತಿನ ವಿಚಾರಗಳಿಗೆ ತೆರೆದುಕೊಳ್ಳಬೇಕು ಎನ್ನುವುದು ಅವರ ಭಾಷಣದ ಒಟ್ಟು ಧೋರಣೆ. ಆದರೆ ಸಭಾಂಗಣದಿಂದ ಹೊರಗೆ ಹೋದದ್ದು ಬೂಸಾ ಎಂಬ ಒಂದೇ ಮಾತು. ಕೆಲವೇ ದಿನಗಳಲ್ಲಿ ಊರೂರಿನ ಕಾಲೇಜುಗಳಲ್ಲಿ ಮುಷ್ಕರ ಶುರುವಾಯಿತು. ಮೆರವಣಿಗೆ, ಪ್ರತಿಕೃತಿ ದಹನ, ಕಲ್ಲು ತೂರಾಟ ನಡೆದವು. ಆ ಭಾಷಣವನ್ನು ಕೇಳಿಯೇ ಇರದ ದಲಿತ ವಿದ್ಯಾರ್ಥಿಗಳು ಹಾಸ್ಟೆಲುಗಳಲ್ಲಿ ಏಟು ತಿಂದರು. ಕಡೆಗೆ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಪಟ್ಟು ಹಿಡಿದು ನಿಂತ ಪೌರಾಡಳಿತ ಸಚಿವರು ಅವರೇ ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ.

ಅವರ ಅಭಿಪ್ರಾಯ ಸರಿಯೋ ತಪ್ಪೋ ಎಂಬ ಚರ್ಚೆ ಇವತ್ತಿಗೂ ನಡೆಯುತ್ತದೆ. ಪಂಪನಿಂದ ಕುವೆಂಪು ತನಕದ ಸಾಹಿತ್ಯವನ್ನು ಒಂದೇ ಮಾತಿನಲ್ಲಿ ತೂಗಿಬಿಡಲು ಬರುವುದಿಲ್ಲ, ನಿಜ. ಆದರೆ ಆ ಸಾಹಿತ್ಯದಲ್ಲಿ ಕೇರಿಯ ಬದುಕು ಎಲ್ಲಿದೆ ಎಂದು ಅವರು ಎಬ್ಬಿಸಿದ ಪ್ರಶ್ನೆಗೆ ಆಗ ಯಾರ ಬಳಿಯೂ ನೆಟ್ಟಗೆ ಉತ್ತರವಿರಲಿಲ್ಲ. ಉತ್ತರ ಬಂದದ್ದು ಏಟು ತಿಂದವರ ಕಡೆಯಿಂದ. ಬಿ. ಕೃಷ್ಣಪ್ಪನವರ ಮುಂದಾಳುತನದ ದಲಿತ ಸಂಘರ್ಷ ಸಮಿತಿ ಆ ಗಲಾಟೆಯ ಬೆನ್ನಿಗೇ ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಗೆ ಒಪ್ಪಿಗೆ ಸಿಗದಾಗ, ಅದೇ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ದೇವನೂರ ಮಹಾದೇವರನ್ನು ಓದಿದವರು ಯಾರೂ ಕನ್ನಡ ಸಾಹಿತ್ಯದಲ್ಲಿ ಕೇರಿಯ ಬದುಕು ಇಲ್ಲ ಎಂದು ಈಗ ಹೇಳಲಾರರು. ಒಂದು ಸಾರ್ವಜನಿಕ ಮಾತು ಆಡಿದವನ ಕುರ್ಚಿಯನ್ನು ಕಿತ್ತುಕೊಂಡಿತು. ಅದೇ ಮಾತು ಒಂದು ಭಾಷೆಯ ಸಾಹಿತ್ಯದ ದಿಕ್ಕನ್ನೂ ಬದಲಿಸಿತು.

ವಾಕ್ ಸ್ವಾತಂತ್ರ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯಲ್ಲಿ ನನಗೆ ಒಂದು ಕೊರತೆ ಎದ್ದು ಕಾಣುತ್ತದೆ. ಎಷ್ಟು ಮಾತಾಡಬಹುದು, ಎಲ್ಲಿ ನಿಲ್ಲಿಸಬೇಕು ಎಂದೇ ಕೇಳುತ್ತೇವೆ. ಸಂಪಾದಕೀಯಗಳಿರಲಿ, ಟಿವಿ ಚರ್ಚೆಗಳಿರಲಿ, ವಿಧಾನಸಭೆಯೇ ಇರಲಿ, ಮಾತಿನ ಎಲ್ಲೆಯದೇ ಧ್ಯಾನ. ಮಾತಾಡಿದ ಮಾರನೆಯ ದಿನ ಆ ಮನುಷ್ಯನಿಗೆ ಏನಾಗುತ್ತದೆ, ಅವನನ್ನು ಕಾಯುವ ಹೊಣೆ ಯಾರದು ಎಂಬುದನ್ನು ಅಪರೂಪಕ್ಕೆ ಕೇಳುತ್ತೇವೆ. ಸಂವಿಧಾನದ 19ನೇ ವಿಧಿಯ ನಿಜವಾದ ಪರೀಕ್ಷೆ ನಡೆಯುವುದು ಆ ಮಾರನೆಯ ದಿನ. ಬಸವಲಿಂಗಪ್ಪನವರ ವಿಷಯದಲ್ಲಿ ಸರ್ಕಾರ ತನ್ನ ಮಂತ್ರಿಯನ್ನು ಬಿಟ್ಟುಕೊಟ್ಟು ಗಲಾಟೆಯನ್ನು ತಣ್ಣಗಾಗಿಸಿತು. ಹಾಸ್ಟೆಲಿನ ಹುಡುಗರನ್ನು ಹೊಡೆದವರಿಗೆ ಏನಾಯಿತು ಎಂಬುದು ಆಗಲೂ ದೊಡ್ಡ ಪ್ರಶ್ನೆಯಾಗಲಿಲ್ಲ.

ಮಾತಾಡಿದವನನ್ನೇ ದಂಡಿಸುವ ಈ ಚಾಳಿಯ ಬೇರು ಹಳೆಯದು. ಭಾರತೀಯ ದಂಡ ಸಂಹಿತೆಗೆ 124ಎ, ಅಂದರೆ ರಾಜದ್ರೋಹದ ಕಲಮು, ಸೇರಿದ್ದು 1870ರಲ್ಲಿ. ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವುದೇ ಅಪರಾಧ ಎಂದು ಅದು ಹೇಳಿತು. 1908ರಲ್ಲಿ 'ಕೇಸರಿ'ಯ ಲೇಖನಗಳಿಗಾಗಿ ತಿಲಕರಿಗೆ ಆರು ವರ್ಷ ಮಂಡಾಲೆಯ ಸೆರೆ, 1922ರಲ್ಲಿ 'ಯಂಗ್ ಇಂಡಿಯಾ'ದ ಲೇಖನಗಳಿಗಾಗಿ ಗಾಂಧೀಜಿಗೆ ಆರು ವರ್ಷದ ಶಿಕ್ಷೆ. ಅಹಮದಾಬಾದಿನ ಕೋರ್ಟಿನಲ್ಲಿ ಗಾಂಧಿ ಆರೋಪವನ್ನು ಒಪ್ಪಿಕೊಂಡೇ ನಿಂತರು. ಕಾನೂನು ಒತ್ತಾಯಿಸಿ ಪ್ರೀತಿ ಹುಟ್ಟಿಸಲಾರದು ಎಂಬುದು ಅವರ ವಾದವಾಗಿತ್ತು. ಮೈಸೂರು ಬ್ರಿಟಿಷರ ನೇರ ಆಡಳಿತದಲ್ಲಿರಲಿಲ್ಲ. ಆದರೂ 1908ರಲ್ಲೇ ಇಲ್ಲಿ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾಯ್ದೆ ಬಂತು. ತಾತಯ್ಯ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯ ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಉತ್ತರ ಕರ್ನಾಟಕದಲ್ಲಿ, 1930ರ ದಶಕದ ಆರಂಭದಲ್ಲಿ, 'ನರಬಲಿ' ಎಂಬ ಕವಿತೆಗಾಗಿ ದ.ರಾ. ಬೇಂದ್ರೆ ಹಿಂಡಲಗಾ ಜೈಲಿಗೆ ಹೋದರು. ಕನ್ನಡದ ಅತಿ ದೊಡ್ಡ ಕವಿಯೊಬ್ಬರು ಕವಿತೆ ಬರೆದ ತಪ್ಪಿಗೆ ಸೆರೆಮನೆ ಕಂಡರು ಎಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಸಂವಿಧಾನ ರಚನಾ ಸಭೆಯಲ್ಲಿ ಕೂತವರಲ್ಲಿ ಅನೇಕರು ಇಂಥ ಜೈಲುಗಳಿಂದ ಬಂದವರೇ. ವಾಕ್ ಸ್ವಾತಂತ್ರ್ಯದ ಮಿತಿಗಳ ಕರಡಿನಲ್ಲಿದ್ದ ರಾಜದ್ರೋಹ ಎಂಬ ಪದವನ್ನು ಅವರು ಚರ್ಚಿಸಿ ತೆಗೆದುಹಾಕಿದರು. ಆ ಉತ್ಸಾಹ ಬಹಳ ದಿನ ಉಳಿಯಲಿಲ್ಲ. 1950ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎರಡು ಪತ್ರಿಕೆಗಳ ಪರವಾಗಿ ತೀರ್ಪು ಕೊಟ್ಟಿತು. ಮದ್ರಾಸ್ ಸರ್ಕಾರ ತನ್ನ ಪ್ರಾಂತ್ಯದೊಳಕ್ಕೆ ಬಿಡದ, ರೊಮೇಶ್ ಥಾಪರ್ ಅವರ ಎಡಪಂಥೀಯ 'ಕ್ರಾಸ್ ರೋಡ್ಸ್' ಒಂದು. ದೆಹಲಿ ಆಡಳಿತ ಪೂರ್ವ ಪರಿಶೀಲನೆ ಹೇರಿದ್ದ, ಸಂಘ ಪರಿವಾರದ 'ಆರ್ಗನೈಸರ್' ಇನ್ನೊಂದು. ಸ್ವತಂತ್ರ ಭಾರತದಲ್ಲಿ ವಾಕ್ ಸ್ವಾತಂತ್ರ್ಯದ ಮೊದಲ ದೊಡ್ಡ ಗೆಲುವು ಎಡಕ್ಕೂ ಬಲಕ್ಕೂ ಒಂದೇ ದಿನ ಸಿಕ್ಕಿತು. ಈ ಸಂಗತಿಯನ್ನು ಎರಡೂ ಬಣದವರು ಗೋಡೆಗೆ ಬರೆದು ಹಾಕಿಕೊಳ್ಳಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ. ಮರುವರ್ಷವೇ, 1951ರ ಜೂನಿನಲ್ಲಿ, ನೆಹರೂ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳೊಡನೆ ಸ್ನೇಹ, ಅಪರಾಧಕ್ಕೆ ಪ್ರಚೋದನೆ ಎಂಬ ಹೊಸ ಮಿತಿಗಳನ್ನು ಸೇರಿಸಿತು. ಶ್ಯಾಮಾಪ್ರಸಾದ ಮುಖರ್ಜಿ ಸಂಸತ್ತಿನಲ್ಲಿ ಅದನ್ನು ತೀವ್ರವಾಗಿ ವಿರೋಧಿಸಿದರು. ಮಿತಿಗಳು ಸಮಂಜಸವಾಗಿರಬೇಕು ಎಂಬ ಮಾತು ಆ ತಿದ್ದುಪಡಿಯಲ್ಲೇ ಸೇರಿತು. ಮುಂದೆ ಕೋರ್ಟುಗಳಿಗೆ ಕೈಹಿಡಿಯಲು ಸಿಕ್ಕ ಆಸರೆ ಅದೊಂದೇ.

ರಾಜದ್ರೋಹದ ಕಲಮು ಮಾತ್ರ ಹಾಗೇ ಉಳಿಯಿತು. 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಿಂಸೆಗೆ ಅಥವಾ ಅಶಾಂತಿಗೆ ಪ್ರಚೋದಿಸುವ ಮಾತಿಗಷ್ಟೇ ಅದು ಅನ್ವಯಿಸುತ್ತದೆ ಎಂದಿತು. 2022ರ ಮೇ ತಿಂಗಳಲ್ಲಿ ಅದರ ಬಳಕೆಗೆ ತಡೆ ಬಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹ ಎಂಬ ಹೆಸರಿಲ್ಲ. ದೇಶದ ಸಾರ್ವಭೌಮತೆಗೆ ಅಪಾಯ ತರುವ ಮಾತು ಎಂಬ 152ನೇ ಕಲಮು ಆ ಜಾಗಕ್ಕೆ ಬಂದಿದೆ. ಅದರ ಬೀಸು ಹಳೆಯದಕ್ಕಿಂತ ಕಿರಿದೇನಲ್ಲ.

ಆದರೆ ಕನ್ನಡದ ಬರಹಗಾರರನ್ನು ಸ್ವಾತಂತ್ರ್ಯಾನಂತರ ಹೆಚ್ಚು ಕಾಡಿದ್ದು ರಾಜದ್ರೋಹದ ಆರೋಪವಲ್ಲ. ಭಾವನೆಗೆ ನೋವಾಯಿತು ಎಂಬ ದೂರು. 1927ರಲ್ಲಿ ಲಾಹೋರಿನ ಒಂದು ಪುಸ್ತಕದ ಗಲಾಟೆಯ ನಂತರ ಬ್ರಿಟಿಷರು 295ಎ ಕಲಮನ್ನು ತಂದರು. ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಮಾತ್ರ ಶಿಕ್ಷೆ ಎಂದು ಅದು ಹೇಳಿತು. ಆಚರಣೆಯಲ್ಲಿ ಆ ಎರಡು ಷರತ್ತುಗಳು ಮರೆತೇಹೋಗಿವೆ. ನೋವಾಯಿತು ಎಂದು ಯಾರಾದರೂ ಠಾಣೆಗೆ ಬಂದರೆ ಸಾಕು, ಬರೆದವನು ಆರೋಪಿ.

ಈ ಪಟ್ಟಿ ನಮ್ಮಲ್ಲಿ ಉದ್ದವಿದೆ. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ಮಾಡಿದ 'ಸಂಸ್ಕಾರ' ಚಿತ್ರವನ್ನು ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು. ಮುಂದೆ ಕೇಂದ್ರ ಅದನ್ನು ಬಿಡುಗಡೆ ಮಾಡಿತು, ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಪದಕವೂ ಬಂತು. 1980ರ ದಶಕದ ಕೊನೆಗೆ ಎಂ.ಎಂ. ಕಲಬುರ್ಗಿಯವರ 'ಮಾರ್ಗ' ಸಂಪುಟದಲ್ಲಿ ಬಸವಣ್ಣನವರ ಕುಟುಂಬದ ಬಗ್ಗೆ ಇದ್ದ ಲೇಖನಗಳ ಮೇಲೆ ಕಿಡಿ ಹತ್ತಿತು; ಮಠವೊಂದರ ಮುಂದೆ ನಿಂತು ಅವರು ತಮ್ಮ ನಿಲುವನ್ನು ಹಿಂತೆಗೆದುಕೊಳ್ಳಬೇಕಾಯಿತು. ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕ ಪಠ್ಯವಾದಾಗ ಅದನ್ನು ನಿಷೇಧಿಸಿ ಎಂಬ ಕೂಗೆದ್ದಿತು. 2007ರಲ್ಲಿ ಬಂಜಗೆರೆ ಜಯಪ್ರಕಾಶರ 'ಆನುದೇವಾ ಹೊರಗಣವನು' ಮಾರುಕಟ್ಟೆಯಿಂದ ವಾಪಸಾಯಿತು. 2013ರಲ್ಲಿ 'ಢುಂಢಿ' ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಬಂಧನಕ್ಕೊಳಗಾದರು. ನಾಲ್ಕು ವರ್ಷಗಳ ನಂತರ ದಾವಣಗೆರೆಯಲ್ಲಿ ಅವರ ಮುಖಕ್ಕೆ ಮಸಿ ಬಳಿದರು. ಈ ಅವಧಿಯಲ್ಲಿ ಕರ್ನಾಟಕವನ್ನು ಎಲ್ಲ ಬಗೆಯ ಪಕ್ಷಗಳೂ ಆಳಿವೆ, ಮೈತ್ರಿಗಳೂ ಆಳಿವೆ. ಯಾರು ಅಧಿಕಾರದಲ್ಲಿದ್ದಾರೆ ಎಂಬುದಕ್ಕಿಂತ, ಬೀದಿಗಿಳಿದವರ ಹಿಂದೆ ಎಷ್ಟು ಮತಗಳಿವೆ ಎಂಬುದೇ ಹೆಚ್ಚಿನ ಸಲ ಪುಸ್ತಕದ ಹಣೆಬರಹ ಬರೆದಿದೆ.

ಇವುಗಳಲ್ಲಿ ಪಿ.ವಿ. ನಾರಾಯಣರ 'ಧರ್ಮಕಾರಣ'ದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬಸವಣ್ಣ, ಅಕ್ಕನಾಗಮ್ಮ, ಚೆನ್ನಬಸವಣ್ಣ ಬರುವ ಈ ಕಾದಂಬರಿ 1995ರಲ್ಲಿ ಪ್ರಕಟವಾಯಿತು. ರಾಜ್ಯದ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಿಕ್ಕಿತು. ವಿರೋಧ ಎದ್ದಮೇಲೆ 1997ರಲ್ಲಿ ಸರ್ಕಾರ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲು ಅಧಿಸೂಚನೆ ಹೊರಡಿಸಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದರು. 2007ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಈ ತೀರ್ಪನ್ನು ಒಪ್ಪಲು ನನ್ನಿಂದ ಆಗಿಲ್ಲ. ಸರ್ಕಾರದ ಒಂದು ಕೈ ಗೌರವಿಸಿದ ಪುಸ್ತಕವನ್ನು ಅದೇ ಸರ್ಕಾರದ ಇನ್ನೊಂದು ಕೈ ಅಪರಾಧವೆಂದಿತು. ನಡುವೆ ಬದಲಾದದ್ದು ಬೀದಿಯ ಒತ್ತಡ ಮಾತ್ರ, ಪುಸ್ತಕದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ಬಗ್ಗೆ ಕಾದಂಬರಿ ಬರೆಯುವವನಿಗೆ ಇದರಿಂದ ಸಿಕ್ಕ ಸೂಚನೆ ಸ್ಪಷ್ಟವಾಗಿತ್ತು, ಮತ್ತು ಅನೇಕರು ಆ ಸೂಚನೆಯನ್ನು ಪಾಲಿಸಿದರು. ಬರೆಯದೇ ಹೋದ ಪುಸ್ತಕಗಳ ಲೆಕ್ಕ ಯಾವ ಇಲಾಖೆಯಲ್ಲೂ ಸಿಗುವುದಿಲ್ಲ.

'ಧರ್ಮಕಾರಣ'ದ ತೀರ್ಪಿಗೂ ಹದಿನೆಂಟು ವರ್ಷ ಮೊದಲು ಅದೇ ಸುಪ್ರೀಂ ಕೋರ್ಟು ತದ್ವಿರುದ್ಧ ದಿಕ್ಕಿನಲ್ಲಿ ಯೋಚಿಸಿತ್ತು. 'ಒರೇ ಒರು ಗ್ರಾಮತ್ತಿಲೇ' ಎಂಬ ತಮಿಳು ಚಿತ್ರ ಜಾತಿ ಮೀಸಲಾತಿಯನ್ನು ಟೀಕಿಸುತ್ತಿತ್ತು. ಸೆನ್ಸಾರ್ ಪ್ರಮಾಣಪತ್ರ ಸಿಕ್ಕಿತ್ತು. ಆದರೂ ಗಲಾಟೆಯಾಗುತ್ತದೆ ಎಂಬ ಭಯ ತೋರಿಸಿ ತಮಿಳುನಾಡು ಸರ್ಕಾರ ಪ್ರದರ್ಶನವನ್ನು ವಿರೋಧಿಸಿತು, ಮದ್ರಾಸ್ ಹೈಕೋರ್ಟು ಪ್ರಮಾಣಪತ್ರವನ್ನೇ ರದ್ದುಮಾಡಿತು. 1989ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಅದನ್ನು ಮರಳಿಸಿತು. ತೀರ್ಪು ಬರೆದವರು ಕರ್ನಾಟಕದಿಂದ ಹೋದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಮೆರವಣಿಗೆ, ಪ್ರತಿಭಟನೆ, ಹಿಂಸೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕುವುದು ಬೆದರಿಕೆ ಹಾಕಿದವರಿಗೆ ಶರಣಾದಂತೆ, ಎದುರಾಳಿ ಗುಂಪನ್ನು ನಿಭಾಯಿಸಲು ತನ್ನಿಂದಾಗದು ಎಂದು ಸರ್ಕಾರ ಹೇಳುವಂತೆಯೇ ಇಲ್ಲ, ಕಾಪಾಡುವುದು ಅದರ ಕರ್ತವ್ಯ ಎಂದು ಅವರು ಬರೆದರು. ಮದ್ದಿನ ಪೀಪಾಯಿಗೆ ಕಿಡಿ ತಾಗಿದಷ್ಟು ಹತ್ತಿರದ, ಬಿಡಿಸಲಾಗದ ಸಂಬಂಧ ಮಾತಿಗೂ ಅಪಾಯಕ್ಕೂ ಇದ್ದರೆ ಮಾತ್ರ ತಡೆಯಬಹುದು ಎಂಬುದು ಅವರು ಹಾಕಿಕೊಟ್ಟ ಅಳತೆ.

ವಾಕ್ ಸ್ವಾತಂತ್ರ್ಯದ ಬಗ್ಗೆ ಕನ್ನಡಿಗರೊಬ್ಬರು ಬರೆದ ಅತಿ ಮಹತ್ವದ ಗದ್ಯ ಇದೇ ಎಂದು ನನ್ನ ನಂಬಿಕೆ. ಹೊಣೆಯನ್ನು ಮಾತಾಡಿದವನ ಹೆಗಲಿನಿಂದ ತೆಗೆದು ಪೊಲೀಸರ ಹೆಗಲಿಗೆ ಹೊರಿಸಿದ ತೀರ್ಪು ಇದು. ದುರದೃಷ್ಟಕ್ಕೆ ಠಾಣೆಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಇದಕ್ಕೆ ನೇರ ವಿರುದ್ಧವಾದ ಪದ್ಧತಿ ನಡೆದುಬಂದಿದೆ. ಅದಕ್ಕೆ ಶಾಂತಿ ಸಭೆ ಎಂದು ಹೆಸರು. 2015ರ ಜನವರಿಯಲ್ಲಿ ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ನಾಮಕ್ಕಲ್ ಜಿಲ್ಲಾಡಳಿತ ಕರೆದ ಇಂಥದೇ ಸಭೆಯಲ್ಲಿ, 'ಮಾದೊರುಬಾಗನ್' ಕಾದಂಬರಿಗಾಗಿ ಬೇಷರತ್ ಕ್ಷಮೆ ಕೇಳಿ ಸಹಿ ಹಾಕಿದರು. ತನ್ನೊಳಗಿನ ಲೇಖಕ ಸತ್ತ ಎಂದು ಆಮೇಲೆ ಪ್ರಕಟಿಸಿದರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಆ ಒಪ್ಪಂದಕ್ಕೆ ಯಾವ ಬೆಲೆಯೂ ಇಲ್ಲ ಎಂದು ಹೇಳಿ ಅವರನ್ನು ಮತ್ತೆ ಬರೆಯಲು ಕಳಿಸಿತು. ಅಧಿಕಾರಿಗಳ ಮೇಜಿನ ಸುತ್ತ ಒಂದು ಕಡೆ ಒಬ್ಬ ಲೇಖಕ, ಇನ್ನೊಂದು ಕಡೆ ಇಡೀ ಊರಿನ ಮುಖಂಡರು. ಅಲ್ಲಿ ಹುಟ್ಟುವ ಶಾಂತಿಯ ಬೆಲೆಯನ್ನು ತೆರುವವನು ಯಾವಾಗಲೂ ಆ ಒಬ್ಬನೇ.

ಕಲಬುರ್ಗಿಯವರಿಗೆ ಅಂಥ ಎರಡನೆಯ ಅವಕಾಶ ಸಿಗಲಿಲ್ಲ. ಸಮಗ್ರ ವಚನ ಸಂಪುಟಗಳ ಸಂಪಾದನೆಯ ನೇತೃತ್ವ ವಹಿಸಿದ್ದ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, 'ಮಾರ್ಗ-4'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದ ವಿದ್ವಾಂಸರನ್ನು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಆಮೇಲೆ ದೇಶದ ಉದ್ದಗಲ ಲೇಖಕರು ಅಕಾಡೆಮಿ ಪ್ರಶಸ್ತಿಗಳನ್ನು ಮರಳಿಸಿದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಮನೆಯ ಬಾಗಿಲಲ್ಲೇ ಕೊಂದರು. ಎರಡೂ ಕೊಲೆಗಳಲ್ಲಿ ಬಳಕೆಯಾದ ಪಿಸ್ತೂಲು ಒಂದೇ ಎಂದು ತನಿಖೆ ಹೇಳಿತು. ವರ್ಷಗಳು ಉರುಳಿದರೂ ವಿಚಾರಣೆ ಎಳೆಯುತ್ತಲೇ ಬಂದಿದೆ. ಈ ಇಬ್ಬರ ವಿಚಾರಗಳನ್ನು ಒಪ್ಪದವರು ಬಹಳ ಜನ ಇದ್ದರು, ಇದ್ದಾರೆ. ಗೌರಿಯವರ ಬರವಣಿಗೆಯ ಮೇಲೆ ಮಾನನಷ್ಟ ಮೊಕದ್ದಮೆಯಾಗಿ, ಕೋರ್ಟು ಅವರಿಗೆ ಶಿಕ್ಷೆಯನ್ನೂ ವಿಧಿಸಿತ್ತು. ಒಪ್ಪದವರಿಗೆ ಕಾನೂನಿನ ದಾರಿ ತೆರೆದೇ ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಮಾತಿನಿಂದ ಯಾರಿಗೂ ಹಾನಿಯೇ ಆಗುವುದಿಲ್ಲವೆ? ಆಗುತ್ತದೆ. 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಬಂದ ಒಂದು ಅನುವಾದಿತ ಕಥೆಯ ಬೆನ್ನಿಗೆ ಗಲಭೆಯೆದ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. 2020ರ ಆಗಸ್ಟಿನಲ್ಲಿ ಒಂದು ಫೇಸ್‌ಬುಕ್ ಬರಹದ ನೆಪದಲ್ಲಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಪೊಲೀಸ್ ಠಾಣೆಗೆ ಬೆಂಕಿ ಬಿತ್ತು, ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಒಂದು ಸಮುದಾಯದವರನ್ನು ಕೊಲ್ಲಿರಿ, ಅವರ ಅಂಗಡಿಗೆ ಹೋಗಬೇಡಿ, ಅವರಿಗೆ ಮನೆ ಕೊಡಬೇಡಿ ಎಂದು ಮೈಕಿನಲ್ಲಿ ಕೂಗುವುದನ್ನು ಅಭಿಪ್ರಾಯ ಎಂದು ನಾನು ಕರೆಯಲಾರೆ. ಸುಪ್ರೀಂ ಕೋರ್ಟು 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಮಾತನ್ನು ಮೂರು ಮೆಟ್ಟಿಲುಗಳಲ್ಲಿ ನೋಡಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ಹಕ್ಕಿನ ಒಳಗೆ. ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನು ಕೈಯೆತ್ತಬಹುದು. ಈ ಗೆರೆ ನನಗೆ ಸರಿಯೆನಿಸುತ್ತದೆ. ಮೇಲಿನ ಗಲಭೆಗಳನ್ನು ಈ ಗೆರೆಯಲ್ಲಿಟ್ಟು ನೋಡಿದರೆ ಕಲ್ಲೆತ್ತಿದವರ, ಬೆಂಕಿಯಿಟ್ಟವರ, ಅವರನ್ನು ಕಳಿಸಿದವರ ಹೊಣೆ ಮೊದಲು ಬರುತ್ತದೆ. ದ್ವೇಷ ಭಾಷಣದ ಕಾನೂನುಗಳು ಬಡ ನೆರೆಯವರನ್ನು ಕಾಯಬೇಕು. ಬಹುಸಂಖ್ಯಾತರ ಮುನಿಸಿಗೋ ಮಂತ್ರಿಯ ಮಾನಕ್ಕೋ ಕಾವಲು ನಿಲ್ಲುವುದು ಅವುಗಳ ಕೆಲಸವಲ್ಲ.

ಗುಂಡು, ಬೆಂಕಿಗಳಿಗಿಂತ ಹೆಚ್ಚು ಜನರನ್ನು ಸುಮ್ಮನಾಗಿಸುವುದು ಮಾತ್ರ ಕೋರ್ಟು ಕಚೇರಿಯ ಅಲೆದಾಟ. 2020ರ ಜನವರಿಯಲ್ಲಿ ಬೀದರಿನ ಒಂದು ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಅದರಲ್ಲಿನ ಒಂದು ಮಾತಿಗೆ ರಾಜದ್ರೋಹದ ಕೇಸು ಬಿತ್ತು. ಶಾಲೆಯ ಮುಖ್ಯ ಶಿಕ್ಷಕಿಯೂ ನಾಟಕದಲ್ಲಿ ಪಾತ್ರ ಮಾಡಿದ ಹುಡುಗಿಯ ತಾಯಿಯೂ ಜೈಲಿಗೆ ಹೋದರು. ಸಮವಸ್ತ್ರ ತೊಟ್ಟ ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಎಳೆಯ ಮಕ್ಕಳನ್ನು ಪ್ರಶ್ನಿಸಿದರು. 2023ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟು ಕೇಸನ್ನು ರದ್ದುಮಾಡಿತು, ಹಿಂಸೆಗೆ ಪ್ರಚೋದನೆ ಎಲ್ಲೂ ಇಲ್ಲ ಎಂದಿತು. ಗೆದ್ದರು ಎನ್ನಬೇಕೆ? ಮೂರು ವರ್ಷ ಮತ್ತು ಜೈಲಿನ ದಿನಗಳು ಯಾರ ಲೆಕ್ಕಕ್ಕೆ? ಆ ಮಕ್ಕಳಲ್ಲಿ ಒಬ್ಬರಾದರೂ ಮತ್ತೆ ವೇದಿಕೆ ಹತ್ತಲು ಹೆದರಿದರೆ, ಕೇಸು ಹಾಕಿದವರ ಕೆಲಸ ಹೈಕೋರ್ಟಿನ ತೀರ್ಪಿಗೂ ಮೊದಲೇ ಮುಗಿದಿತ್ತು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನದು ಇನ್ನೂ ವಿಚಿತ್ರ. 2012ರಲ್ಲಿ ಬಾಳ್ ಠಾಕ್ರೆಯವರ ನಿಧನದ ಬೆನ್ನಿಗೆ ನಡೆದ ಬಂದ್ ಬಗ್ಗೆ ಪಾಲ್ಘರಿನ ಇಬ್ಬರು ಹುಡುಗಿಯರು, ಒಬ್ಬಳು ಬರೆದದ್ದಕ್ಕೆ ಇನ್ನೊಬ್ಬಳು ಲೈಕ್ ಒತ್ತಿದ್ದಕ್ಕೆ, ಬಂಧನಕ್ಕೊಳಗಾದರು. 2015ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನೇ ಅಳಿಸಿಹಾಕಿತು. ಆರು ವರ್ಷಗಳ ನಂತರವೂ ಸತ್ತ ಕಲಮಿನಡಿ ಠಾಣೆಗಳಲ್ಲಿ ಕೇಸುಗಳು ದಾಖಲಾಗುತ್ತಿವೆ ಎಂದು ನಾಗರಿಕ ಹಕ್ಕುಗಳ ಸಂಸ್ಥೆ ಪಿಯುಸಿಎಲ್ ತೋರಿಸಿದಾಗ ನ್ಯಾಯಮೂರ್ತಿಗಳೇ ಆಘಾತ ವ್ಯಕ್ತಪಡಿಸಿದರು. ದೆಹಲಿಯ ತೀರ್ಪು ಹೋಬಳಿಯ ಠಾಣೆಗೆ ತಲುಪುವ ದಾರಿ ಅಷ್ಟು ದೂರ.

ಅಧಿಕಾರದಲ್ಲಿರುವವರ ಬಗ್ಗೆ ಬಾಯಿಬಿಟ್ಟವರಿಗೆ ಮಾನನಷ್ಟದ ಕ್ರಿಮಿನಲ್ ಮೊಕದ್ದಮೆ ಕಾದಿರುತ್ತದೆ. 2016ರಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಬದ್ಧ ಎಂದಿತು. ಹಣ, ವಕೀಲರು, ಸಮಯ ಮೂರೂ ಇರುವವರಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರವಿಲ್ಲ. 2018ರಲ್ಲಿ ಪತ್ರಕರ್ತೆ ಪ್ರಿಯಾ ರಮಣಿ ಮಾಜಿ ಸಂಪಾದಕ, ಆಗಿನ ಕೇಂದ್ರ ಸಚಿವ ಎಂ.ಜೆ. ಅಕ್ಬರ್ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಮಾಡಿ ಇಂಥ ಮೊಕದ್ದಮೆ ಎದುರಿಸಿದರು. 2021ರ ಫೆಬ್ರವರಿ 17ರಂದು ದೆಹಲಿಯ ಕೋರ್ಟು ಅವರನ್ನು ಖುಲಾಸೆ ಮಾಡಿತು. ಹೆಣ್ಣಿಗೆ ತನ್ನ ನೋವನ್ನು ಹೇಳಿಕೊಳ್ಳಲು ಯಾವ ವೇದಿಕೆಯನ್ನಾದರೂ ಆರಿಸುವ ಹಕ್ಕಿದೆ, ದಶಕಗಳ ನಂತರವೂ ಇದೆ ಎಂದು ನ್ಯಾಯಾಧೀಶರು ಬರೆದರು. ಸಾರ್ವಜನಿಕವಾಗಿ ಮಾತಾಡುವುದರ ಶಕ್ತಿಯನ್ನು 2018ರಲ್ಲಿ ಹೆಣ್ಣುಮಕ್ಕಳು ತೋರಿಸಿಕೊಟ್ಟಷ್ಟು ಬೇರೆ ಯಾರೂ ತೋರಿಸಿಲ್ಲ. ಒಬ್ಬಳು ಬಾಯಿಬಿಟ್ಟದ್ದೇ ಹತ್ತಾರು ಹೆಂಗಸರು ತಮ್ಮ ಹೆಸರಿನೊಡನೆ ಮುಂದೆ ಬಂದರು, ಸಚಿವರು ರಾಜೀನಾಮೆ ಕೊಟ್ಟರು. ಸರ್ಕಾರದೊಳಗಿನ ಭ್ರಷ್ಟಾಚಾರ ಬಯಲಿಗೆಳೆಯುವವರ ಸ್ಥಿತಿ ಇದಕ್ಕಿಂತ ಕಷ್ಟ. ಅವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಜಾರಿಯ ದಿನಾಂಕವನ್ನು ಗೊತ್ತುಮಾಡದೆ ಅದನ್ನು ಹಾಗೇ ಬಿಡಲಾಯಿತು.

ಬೆಂಗಳೂರಿನಲ್ಲಿ ಮಾತಾಡಲು ಜಾಗವೂ ಕಿರಿದಾಗುತ್ತ ಬಂದಿದೆ. 2019ರ ಡಿಸೆಂಬರ್ 19ರಂದು ಟೌನ್ ಹಾಲ್ ಬಳಿ ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಪ್ರತಿಭಟಿಸುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದ ದೃಶ್ಯವನ್ನು ದೇಶವೇ ನೋಡಿತು. ಆ ದಿನದ ನಿಷೇಧಾಜ್ಞೆಯೇ ಕಾನೂನುಬಾಹಿರ ಎಂದು ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಎ.ಎಸ್. ಓಕಾ ಅವರ ಪೀಠ ಎರಡು ತಿಂಗಳಲ್ಲಿ ಹೇಳಿತು. ಆದರೆ 2021ರ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಇರುವ ಜಾಗ ಒಂದೇ, ಫ್ರೀಡಂ ಪಾರ್ಕ್. ಅದು ಹಿಂದಿನ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ಅದ್ವಾನಿ, ವಾಜಪೇಯಿ ಅಲ್ಲಿದ್ದರು. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ್ದ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿದ್ದು ಅಲ್ಲೇ. 1977ರ ಜನವರಿ 15ರಂದು ಬಿಡುಗಡೆಯಾಗಿ ಐದೇ ದಿನಕ್ಕೆ ತೀರಿಕೊಂಡರು. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ರೈತರು ದೂರದ ಜಿಲ್ಲೆಗಳಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಅಲ್ಲಿ ಕೂರುತ್ತಾರೆ. ಟ್ರಾಫಿಕ್ಕಿಗೆ ತೊಂದರೆಯಾಗಬಾರದು ಎಂಬ ವಾದ ನನಗೂ ಅರ್ಥವಾಗುತ್ತದೆ. ಆದರೆ ಯಾರಿಗೂ ತೊಂದರೆಯಾಗದಂತೆ, ಯಾರ ಕಣ್ಣಿಗೂ ಬೀಳದಂತೆ ಮಾಡಿದ ಪ್ರತಿಭಟನೆ ವಿಧಾನಸೌಧದ ಕಿವಿಗೆ ಬೀಳುವುದಾದರೂ ಹೇಗೆ?

ಕಡೆಯ ಪರೀಕ್ಷೆ ನಮಗೇ ಎದುರಾಯಿತು. 2025ರ ಮೇ ತಿಂಗಳಲ್ಲಿ ಚೆನ್ನೈನಲ್ಲಿ ಕಮಲ ಹಾಸನ್, ಕನ್ನಡ ತಮಿಳಿನಿಂದ ಹುಟ್ಟಿತು ಎಂಬರ್ಥದ ಮಾತಾಡಿದರು. ಅದು ತಪ್ಪು. ಎರಡೂ ಭಾಷೆಗಳು ಒಂದೇ ಮೂಲ ದ್ರಾವಿಡದಿಂದ ಕವಲೊಡೆದ ಸೋದರಿಯರು ಎಂಬುದು ಭಾಷಾವಿಜ್ಞಾನ ಓದಿದ ಯಾರಿಗೂ ಗೊತ್ತು. ಇದನ್ನು ಲೇಖನ ಬರೆದು, ಟಿವಿಯಲ್ಲಿ ಕೂತು, ಚೆನ್ನೈಗೇ ಹೋಗಿ ಹೇಳಬಹುದಿತ್ತು. ಕೆಲವು ವಿದ್ವಾಂಸರು ಹೇಳಿದರು ಕೂಡ. ಆದರೆ ಮುನ್ನೆಲೆಗೆ ಬಂದದ್ದು ಅವರ ಚಿತ್ರ 'ಥಗ್ ಲೈಫ್' ಬಿಡುಗಡೆ ಮಾಡಿದರೆ ಚಿತ್ರಮಂದಿರ ಸುಡುತ್ತೇವೆ ಎಂಬ ಬೆದರಿಕೆ. ಚಲನಚಿತ್ರ ವಾಣಿಜ್ಯ ಮಂಡಳಿ ಬಿಡುಗಡೆ ಬೇಡವೆಂದಿತು. ಹೈಕೋರ್ಟು ಕ್ಷಮೆ ಕೇಳಿ ಎಂದು ಸೂಚಿಸಿತು. ಜೂನ್ 5ರಂದು ಚಿತ್ರ ಬೇರೆಲ್ಲ ಕಡೆ ತೆರೆ ಕಂಡಿತು, ಇಲ್ಲಿ ಕಾಣಲಿಲ್ಲ. ಸುಪ್ರೀಂ ಕೋರ್ಟು ಜೂನ್ 17ರಂದು ಮಧ್ಯೆ ಬಂದು, ಕ್ಷಮೆ ಕೇಳಿಸುವುದು ಹೈಕೋರ್ಟಿನ ಕೆಲಸವಲ್ಲ, ಗುಂಪುಗಳಿಗೆ ಬೀದಿಯನ್ನು ಬಿಟ್ಟುಕೊಡಲಾಗದು, ಹೇಳಿಕೆ ಹಿಡಿಸದಿದ್ದರೆ ಎದುರು ಹೇಳಿಕೆ ಕೊಡಿ ಎಂದಿತು. ರಾಜ್ಯ ಸರ್ಕಾರ ಆಮೇಲೆ ರಕ್ಷಣೆ ಕೊಡುವುದಾಗಿ ಒಪ್ಪಿತು. ಹಲ್ಮಿಡಿ ಶಾಸನವಿರುವ ಭಾಷೆಗೆ ಒಬ್ಬ ನಟನ ತಪ್ಪು ಮಾತಿನಿಂದ ಅಪಾಯವಿರಲಿಲ್ಲ. ಜಗನ್ನಾಥ ಶೆಟ್ಟಿಯವರು ತಮಿಳು ಚಿತ್ರವೊಂದಕ್ಕೆ ಕೊಟ್ಟ ರಕ್ಷಣೆಯನ್ನು ಮೂವತ್ತಾರು ವರ್ಷಗಳ ನಂತರ ಅವರ ನಾಡೇ ಇನ್ನೊಂದು ತಮಿಳು ಚಿತ್ರಕ್ಕೆ ಕೊಡಲು ಹಿಂಜರಿದದ್ದು ನನಗೆ ನಾಚಿಕೆ ತಂದಿತು.

ಅದೇ ವರ್ಷದ ಮಾರ್ಚಿನಲ್ಲಿ, ಅಷ್ಟು ಹೊತ್ತಿಗೆ ಸುಪ್ರೀಂ ಕೋರ್ಟಿನಲ್ಲಿದ್ದ ಓಕಾ ಅವರು ಗುಜರಾತಿನ ಒಂದು ಕೇಸಿನಲ್ಲಿ, ಸಂಸದ ಇಮ್ರಾನ್ ಪ್ರತಾಪಗಢಿ ಹಂಚಿಕೊಂಡ ಕವಿತೆಯೊಂದರ ಮೇಲಿನ ಎಫ್‌ಐಆರ್ ರದ್ದುಮಾಡುತ್ತ ಬಹಳ ಉಪಯುಕ್ತವಾದ ಒಂದು ಮಾತು ಹೇಳಿದರು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಠಾಣಾಧಿಕಾರಿ ಡಿವೈಎಸ್‌ಪಿ ಅನುಮತಿ ಪಡೆದು ಹದಿನಾಲ್ಕು ದಿನಗಳಲ್ಲಿ ಪ್ರಾಥಮಿಕ ವಿಚಾರಣೆ ಮಾಡಬಹುದು. ಮಾತು, ಬರಹದ ದೂರು ಬಂದಾಗ ಹಾಗೆ ಮಾಡುವುದೇ ಸೂಕ್ತ ಎಂದರು ಅವರು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕಿಗಳ ಅಳತೆಯಲ್ಲಿ ನೋಡಬೇಕು, ಪ್ರತಿ ಟೀಕೆಯಲ್ಲೂ ಅಪಾಯ ಕಾಣುವ ಅಳುಕುಮನಸ್ಸಿನವರ ಅಳತೆಯಲ್ಲಿ ಅಲ್ಲ ಎಂದೂ ಸ್ಪಷ್ಟಪಡಿಸಿದರು. 1989ರ ತೀರ್ಪಿನ ಸಾರವನ್ನೂ 2025ರ ಈ ನಿರ್ದೇಶನವನ್ನೂ ಎರಡು ಪುಟದ ಸರಳ ಕನ್ನಡದಲ್ಲಿ ಬರೆಸಿ ರಾಜ್ಯದ ಪ್ರತಿ ಠಾಣೆಗೆ ಕಳಿಸಬೇಕು. ದೂರು ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲ್ ಅದನ್ನು ಓದಿರಬೇಕು, ಶಾಂತಿ ಸಭೆ ಕರೆಯುವ ತಹಶೀಲ್ದಾರರೂ ಓದಿರಬೇಕು. ಹೊಸ ಕಾನೂನು ಇದಕ್ಕೆ ಬೇಕಿಲ್ಲ. ಗೃಹ ಇಲಾಖೆಯ ಒಂದು ಸುತ್ತೋಲೆ ಸಾಕು, ಅದನ್ನು ಈ ತಿಂಗಳೇ ಹೊರಡಿಸಬಹುದು.